ಗೋಡೆಯಿಂದ ಪೆಟ್ಟಿಗೆಗೆ ಒಂದೂವರೆ ಮೀಟರ್

ಭಾವನ ಮನೆಯ ಸ್ಪೀಕರಿಗೆ ‘ಟಕ್’ ಅನ್ನುವ ಸದ್ದು ಸೇರಿಕೊಂಡದ್ದು ಹೋದ ವರ್ಷ ಮಳೆ ಹಿಡಿದ ಮೇಲೆ. ಹಾಡು ಜೋರಾಗಿದ್ದಾಗ ಕಿವಿಗೆ ಬೀಳುವುದಿಲ್ಲ. ಆಲಾಪ ಎಳೆಯುವಾಗ, ಕೊಳಲು ನಿಂತು ತಬಲ ಎತ್ತಿಕೊಳ್ಳುವ ಮೊದಲು, ರೆಕಾರ್ಡಿನ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಸಂದಿನಲ್ಲಿ ಟಕ್. ಒಂದು ಉಸಿರಿನಷ್ಟು ಬಿಟ್ಟು ಮತ್ತೆ ಟಕ್. “ಹಲ್ಲಿ ಲೊಚಗುಟ್ತಾ ಅದೆ, ಬುಡಿ” ಎಂದು ಅಕ್ಕ ತನ್ನ ಪಾಡಿಗೆ ಸೊಪ್ಪು ಸೋಸುತ್ತಿದ್ದಳು. ಭಾವ ಮಾತ್ರ ಮೂರು ತಿಂಗಳು ಹಾಡು ಕೇಳಲಿಲ್ಲ, ಟಕ್ಕನ್ನೇ ಕೇಳಿದರು.

ಆಮೇಲೆ ಒಂದು ದಿನ ಕೊಯಮತ್ತೂರಿಗೆ ಹೋಗಿ ಒಂದು ಡಬ್ಬಿ ತಂದರು. ಒಳಗೆ ವೆಲ್ವೆಟ್ಟಿನ ಗುಂಡಿಯಲ್ಲಿ ನಾಗರಹಾವು ಸುತ್ತಿಕೊಂಡಂತೆ ಮಲಗಿದ್ದದ್ದು ಹೆಬ್ಬೆರಳು ದಪ್ಪದ ಒಂದು ಪವರ್ ಕಾರ್ಡು. ಮೈತುಂಬ ಹೆಣೆದ ನೈಲಾನ್ ಬಲೆ, ಎರಡು ತುದಿಗೂ ಬಂಗಾರದ ನೀರು ಕುಡಿಸಿದ ಪಿನ್ನು. ಬೆಲೆ 38,000 ರೂಪಾಯಿ. ಅಕ್ಕನಿಗೆ ಹೇಳಿದ್ದು 3,800. ಆ ಒಂದು ಸೊನ್ನೆಯನ್ನು ಭಾವ ದಿಂಬಂ ಘಾಟಿಯ 27 ತಿರುವುಗಳಲ್ಲಿ ಎಲ್ಲೋ ಉದುರಿಸಿ ಬಂದಿದ್ದರು. ಅಕ್ಕ ಈ ಪತ್ರಿಕೆ ತರಿಸುವುದಿಲ್ಲ ಎಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

“ಕರೆಂಟು ಕೊಳಕಾಗಿರುತ್ತೆ ಸಾರ್, ಇದು ಸೋಸಿ ಕೊಡುತ್ತೆ” ಎಂದಿದ್ದನಂತೆ ಅಂಗಡಿಯವನು. ಹಾಡಿನ ಮೇಲಿದ್ದ ತೆಳುಪರದೆ ಸರಿದಂತಾಗುತ್ತದೆ, ಗಾಯಕ ಎರಡು ಹೆಜ್ಜೆ ಮುಂದೆ ಬಂದು ನಿಲ್ಲುತ್ತಾನೆ, ತಂಬೂರಿಯ ತಂತಿಗಳನ್ನು ಎಣಿಸಬಹುದು. ಭಾವ ಕಾರ್ಡು ಚುಚ್ಚಿದರು. ಟಕ್ ಹೋಗಲಿಲ್ಲ. ಆದರೆ ಮರುದಿನ ಬೆಳಗ್ಗೆ ನನಗೆ ಫೋನು ಬಂತು: “ಟಕ್ ಹಂಗೇ ಅದೆ ಕನಪ್ಪ. ಆದ್ರೆ ಸೌಂಡು? ಸೌಂಡು ಬಿಚ್ಕಂಡದೆ. ನೀನೇ ಬಂದು ಕೇಳು.”

ನನ್ನನ್ನೇ ಕರೆದದ್ದಕ್ಕೆ ಕಾರಣವಿದೆ. ಡಿಪ್ಲೊಮಾ ಓದುವಾಗ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಐಸಿ, ಕೆಪಾಸಿಟರು, 12-0-12 ಟ್ರಾನ್ಸ್‌ಫಾರ್ಮರು ಕೊಂಡುತಂದು ಹಾಸ್ಟೆಲ್ಲಿನಲ್ಲಿ ಆಂಪ್ಲಿಫೈಯರ್ ಕೂರಿಸಿ ಮಾರುತ್ತಿದ್ದವನು ನಾನು. ಗುಂಯ್‌ಗುಡದ ಆಂಪ್ಲಿಫೈಯರನ್ನು ನಾನು ಮಾಡಿದ್ದು ಕಡಿಮೆ. ಹಾಗಾಗಿ ಗುಂಯ್ ಎಲ್ಲಿಂದ ಬರುತ್ತದೆ ಎಂಬುದು ಚೆನ್ನಾಗಿ ಗೊತ್ತು.

ಭಾವನ ಊರಾದ ಹಾಸನೂರಿಗೆ ಚಾಮರಾಜನಗರದ ಕಡೆಯಿಂದ ಹೋದರೆ ಪುಣಜನೂರಿನಲ್ಲಿ ಕರ್ನಾಟಕ ಮುಗಿಯುತ್ತದೆ, ಕಾರಪಳ್ಳದ ಚೆಕ್‌ಪೋಸ್ಟಿನಲ್ಲಿ ತಮಿಳುನಾಡು ಶುರುವಾಗುತ್ತದೆ. ಬೋರ್ಡು ಬದಲಾಗುತ್ತದೆ, ಬಸ್ಸಿನ ಬಣ್ಣ ಬದಲಾಗುತ್ತದೆ, ಮಾತು ಬದಲಾಗುವುದಿಲ್ಲ. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ಪಕ್ಕದ ತಾಳವಾಡಿ ಸೀಮೆ ಮದರಾಸಿನಲ್ಲೇ ಉಳಿಯಿತು. 1979ರಲ್ಲಿ ಈರೋಡು ಬೇರೆ ಜಿಲ್ಲೆಯಾದಾಗ ಅದರ ಪಾಲಿಗೆ ಹೋಯಿತು. 2013ರಿಂದ ಸುತ್ತಲಿನ ಕಾಡೆಲ್ಲ ಸತ್ಯಮಂಗಲ ಹುಲಿ ಮೀಸಲು. ಕಬ್ಬಿನ ಲಾರಿಗೆ ಆನೆ ಅಡ್ಡನಿಂತು ಜಲ್ಲೆ ಎಳೆದುಕೊಳ್ಳುವ ವಿಡಿಯೊಗಳು ನಿಮ್ಮ ಫೋನಿಗೂ ಬಂದಿರಬಹುದು. ಅವುಗಳಲ್ಲಿ ಎಷ್ಟೋ ಈ ರಸ್ತೆಯವೇ. ಮದರಾಸು ಹೈಕೋರ್ಟಿನ ಆದೇಶದಂತೆ 2022ರ ಫೆಬ್ರುವರಿಯಿಂದ ಈ ಹೆದ್ದಾರಿಯ ಕಾಡಿನ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ಕಡಿವಾಣ ಬಿತ್ತು. ಆಮೇಲೆ ಹಾಸನೂರಿನ ರಾತ್ರಿ ಎಂದರೆ ರಾತ್ರಿ. ಲಾರಿಯ ಏರ್‌ಹಾರನ್ ಇಲ್ಲ, ಗೇರು ಬದಲಿಸುವ ನರಳಾಟ ಇಲ್ಲ. ಹಾಡು ಕೇಳುವವನಿಗೆ ಇಂಥ ಮೌನ ಬೆಂಗಳೂರಿನಲ್ಲಿ ಎಷ್ಟು ಲಕ್ಷ ಸುರಿದರೂ ಸಿಗುವುದಿಲ್ಲ. ಆದರೆ ಟಕ್ ಕೇಳಿಸುವುದೂ ಇಂಥ ಮೌನದಲ್ಲೇ.

ಮೌನ ಮೊದಲ ದರ್ಜೆ, ಕರೆಂಟು ಮೂರನೇ ದರ್ಜೆ. ಭಾವನ ಅಡುಗೆಮನೆಯಲ್ಲಿ ಫ್ರಿಜ್ಜಿಗೆ ಸ್ಟೆಬಿಲೈಸರ್ ಇದೆ, ಒಳಬರುವ ವೋಲ್ಟೇಜನ್ನು ಕೆಂಪು ಅಂಕೆಯಲ್ಲಿ ತೋರಿಸುವಂಥದು. ನಾನು ಹೋದ ದಿನ ಸಂಜೆ ಏಳಕ್ಕೆ ಅದು 172 ತೋರಿಸುತ್ತಿತ್ತು, ರಾತ್ರಿ ಊರು ಮಲಗಿದ ಮೇಲೆ 241. ಇರಬೇಕಾದದ್ದು 230. ಆಂಪ್ಲಿಫೈಯರಿಗೆ ಸ್ಟೆಬಿಲೈಸರ್ ಇರಲಿಲ್ಲ. ಸ್ಟೆಬಿಲೈಸರ್ ಹಾಕಿದರೆ ಸೌಂಡಿನ ಜೀವ ಹೋಗುತ್ತದೆ ಎಂದು ಅದೇ ಅಂಗಡಿಯಲ್ಲಿ ಹೇಳಿದ್ದರಂತೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು, ಬೇಸರಪಟ್ಟುಕೊಳ್ಳಬೇಡಿ. ಆಂಪ್ಲಿಫೈಯರಿನ ಜೊತೆಗೇ ಬಂದಿದ್ದ ಸಾಮಾನ್ಯ ಕಾರ್ಡು, ಕಂಪ್ಯೂಟರಿನ ಹಿಂದೆ ಚುಚ್ಚುವಂಥದೇ, ಒಂದೂವರೆ ಮೀಟರ್ ಉದ್ದ, ಒಳಗೆ 0.75 ಚದರ ಮಿಲಿಮೀಟರ್ ತಾಮ್ರ. ಕರೆಂಟು ಹೋಗಿ ಬರುವ ದಾರಿ ಎರಡೂ ಸೇರಿ ಮೂರು ಮೀಟರ್. ಅದರ ರೋಧ ಸುಮಾರು 0.07 ಓಮ್. ತಾಮ್ರ ಮೂರು ಪಟ್ಟಿಗಿಂತ ಹೆಚ್ಚಿರುವ ದಪ್ಪ ಕಾರ್ಡಿನದು 0.02 ಓಮ್ ಎಂದು ಹಿಡಿಯೋಣ. ವ್ಯತ್ಯಾಸ 0.05. ಮನೆಯಲ್ಲಿ ಹಾಡು ಕೇಳುವಾಗ ಆಂಪ್ಲಿಫೈಯರ್ ನೂರು ವ್ಯಾಟ್ ಎಳೆಯುತ್ತದೆ ಎಂದರೂ ಹರಿಯುವುದು ಅರ್ಧ ಆಂಪಿಯರಿಗಿಂತ ಕಡಿಮೆ. ಹೊಸ ಕಾರ್ಡು ಉಳಿಸಿಕೊಟ್ಟ ವೋಲ್ಟೇಜು 0.02. ಫ್ರಿಜ್ಜಿನ ಸ್ಟೆಬಿಲೈಸರಿನಲ್ಲಿ ಏಳು ಗಂಟೆಗೂ ಹನ್ನೆರಡಕ್ಕೂ ನಡುವೆ 69 ವೋಲ್ಟು ಓಲಾಡುತ್ತಿರುವ ಮನೆಯಲ್ಲಿ ಇದು 0.02.

ಇನ್ನು ಗೋಡೆಯ ಆಚೆಗೆ ಬನ್ನಿ. ಮೀಟರ್ ಬೋರ್ಡಿನಿಂದ ಹಾಲಿನ ಸಾಕೆಟ್ಟಿನವರೆಗೆ ಪೈಪಿನೊಳಗೆ ಹದಿನೈದು ಮೀಟರ್ ವೈರು: ಸುಮಾರು 0.36 ಓಮ್. ಅದರಾಚೆ ಕಂಬದಿಂದ ಕಂಬಕ್ಕೆ ಟ್ರಾನ್ಸ್‌ಫಾರ್ಮರಿನವರೆಗೆ ಅಲ್ಯುಮಿನಿಯಂ ತಂತಿ. ಈ ತಂತಿಗಳಿಗೆ ಇಲಾಖೆಯ ಭಾಷೆಯಲ್ಲಿ ಪ್ರಾಣಿಗಳ ಹೆಸರಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಸಣ್ಣದು ಸ್ಕ್ವಿರಲ್, ಅಂದರೆ ಅಳಿಲು. ಆಮೇಲೆ ವೀಸಲ್, ರ‍್ಯಾಬಿಟ್, ಡಾಗ್, ಪ್ಯಾಂಥರ್. ದೊಡ್ಡ ಟವರುಗಳ ಮೇಲೆ ಜೀಬ್ರಾ, ಮೂಸ್. ಹುಲಿಕಾಡಿನ ನಡುವೆ ಹಾದುಬರುವ ತಂತಿಗೆ ಅಳಿಲಿನ ಹೆಸರು. ಅಳಿಲಿನ ತಂತಿ ಮುನ್ನೂರು ಮೀಟರ್ ಎಂದರೆ ಹೋಗಿಬರುವುದು ಸೇರಿ 0.8 ಓಮ್ ಹತ್ತಿರ. ಅಂಗಡಿಯವನು ಭಾವನಿಗೆ ಮಾರಿದ್ದು ಈ ಇಡೀ ದಾರಿಯ ಕೊನೆಯ ಒಂದೂವರೆ ಮೀಟರನ್ನು. ಹಿಂದಿನದೆಲ್ಲ ಹಾಗೇ ಇದೆ.

ಈ ಸೀಮೆಗೆ ಕರೆಂಟಿನ ದೂರ ಹೊಸದಲ್ಲ. ಇಲ್ಲಿಂದ ಉತ್ತರಕ್ಕೆ, ಕೊಳ್ಳೇಗಾಲದ ಆಚೆ ಇರುವ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದರು. ಆ ಕಾಲಕ್ಕೆ ಜಗತ್ತೇ ತಿರುಗಿ ನೋಡಿದ ಉದ್ದ ಅದು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದದ್ದೂ ಅಲ್ಲಿನ ಕರೆಂಟಿನಿಂದಲೇ. ಅಷ್ಟು ದೂರ ಬರಿ ಮೈಯಲ್ಲಿ ಬಿಸಿಲು ಮಳೆಗೆ ನಡೆದು ಬಂದ ಕರೆಂಟು ಕೊನೆಗೆ ಮನೆಯ ಗೋಡೆ ದಾಟಿದ ಮೇಲೆ ನೈಲಾನ್ ಬಲೆಯ ಅಂಗಿ ತೊಟ್ಟು ಶುದ್ಧವಾಗುತ್ತದೆ ಎಂದರೆ ನನಗೆ ನಂಬಿಕೆ ಹುಟ್ಟುವುದಿಲ್ಲ.

ಇದಕ್ಕಿಂತ ಮುಖ್ಯವಾದ ಮಾತು ಪೆಟ್ಟಿಗೆಯ ಒಳಗಿದೆ. ಗೋಡೆಯ ಕರೆಂಟು ಸ್ಪೀಕರಿನವರೆಗೆ ಹೋಗುವುದೇ ಇಲ್ಲ. ಭಾವನಿಗೆ ನಾನು ಹೇಳಿದ್ದು ಓವರ್‌ಹೆಡ್ ಟ್ಯಾಂಕಿನ ಲೆಕ್ಕದಲ್ಲಿ. ಬೋರಿನ ನೀರು ಬಡಬಡ ಬರುತ್ತದೆ, ಒಮ್ಮೆ ಜೋರು, ಒಮ್ಮೆ ಗಾಳಿ. ಟ್ಯಾಂಕು ತುಂಬಿದ ಮೇಲೆ ನಲ್ಲಿಯಲ್ಲಿ ಬರುವ ನೀರಿಗೆ ಬೋರಿನ ಹುಚ್ಚಾಟ ಗೊತ್ತಿರುವುದಿಲ್ಲ. ಆಂಪ್ಲಿಫೈಯರಿನಲ್ಲೂ ಹಾಗೆಯೇ. ಟ್ರಾನ್ಸ್‌ಫಾರ್ಮರ್ ವೋಲ್ಟೇಜು ಇಳಿಸುತ್ತದೆ, ಡಯೋಡುಗಳು ಹಿಂದೆಮುಂದೆ ಓಡುವ ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ, ಕೆಪಾಸಿಟರ್ ಎಂಬ ಟ್ಯಾಂಕು ಸೆಕೆಂಡಿಗೆ ನೂರು ಸಲ ತುಂಬಿಕೊಳ್ಳುತ್ತದೆ. ಹಾಡಿಗೆ ಸಿಗುವುದು ಆ ಟ್ಯಾಂಕಿನ ನೀರು. ಟ್ಯಾಂಕು ಸೋರಿದರೆ, ಅಂದರೆ ಹಳೆಯ ಕೆಪಾಸಿಟರ್ ಒಣಗಿದರೆ, ಆ ನೂರು ಸಲವೂ ಸ್ಪೀಕರಿನಲ್ಲಿ ಕೇಳಿಸುತ್ತದೆ. ಹಾಸ್ಟೆಲ್ಲಿನಲ್ಲಿ ನಾನು ಮಾಡಿದ ಆಂಪ್ಲಿಫೈಯರುಗಳ ಗುಂಯ್‌ಕಾರದಲ್ಲಿ ಅರ್ಧ ಅದೇ: 4700 ಮೈಕ್ರೋಫ್ಯಾರಡ್ ಹಾಕಬೇಕಾದ ಕಡೆ ದುಡ್ಡು ಉಳಿಸಲು 1000 ಹಾಕಿರುತ್ತಿದ್ದೆ.

ಹಾಗೆಂದು ಲೋ ವೋಲ್ಟೇಜು ಸೌಂಡಿಗೆ ಏನೂ ಮಾಡುವುದಿಲ್ಲ ಎಂದಲ್ಲ. 172 ವೋಲ್ಟಿನಲ್ಲಿ ಸಾದಾ ಆಂಪ್ಲಿಫೈಯರಿನ ಟ್ಯಾಂಕು ತುಂಬುವುದೇ ಮುಕ್ಕಾಲು. 40 ವ್ಯಾಟ್ ಕೊಡಬೇಕಾದದ್ದು 22ಕ್ಕೇ ಏದುಸಿರು ಬಿಡುತ್ತದೆ. ಮೆಲ್ಲಗೆ ಕೇಳುವಾಗ ಗೊತ್ತಾಗುವುದಿಲ್ಲ. ವಾಲ್ಯೂಮ್ ಏರಿಸಿದಾಗ ತಮಟೆಯ ಪೆಟ್ಟಿಗೆ ತುದಿ ಕತ್ತರಿಸಿದಂತಾಗಿ ಸೌಂಡು ಒಡೆಯುತ್ತದೆ. ಸಂಜೆ ಏಳಕ್ಕೂ ರಾತ್ರಿ ಹನ್ನೊಂದಕ್ಕೂ ಆಂಪ್ಲಿಫೈಯರ್ ಬೇರೆ ಥರ ಕೇಳಿಸುತ್ತದೆ ಎಂದು ಭಾವ ಯಾವತ್ತೂ ಹೇಳುತ್ತಿದ್ದದ್ದು ಪೂರ್ತಿ ಭ್ರಮೆಯಲ್ಲ. ಕಾರ್ಡು ಚುಚ್ಚಿ ಅದನ್ನು ಕೇಳಿದ್ದು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದೆ. ರಾತ್ರಿ ಊಟ ಆದ ಮೇಲೆ ಎಂದರು. ಹಳೆಯದನ್ನು ಕೊನೆಗೆ ಕೇಳಿದ್ದು? ಕೊಯಮತ್ತೂರು ಬಸ್ಸು ಹಿಡಿಯುವ ಹಿಂದಿನ ಸಂಜೆ.

ಕಾರ್ಡಿನ ಪರ ವಾದಿಸುವವರ ಮಾತಿನಲ್ಲಿ ಹುರುಳಿರುವ ಅಂಶಗಳಿವೆ, ಅವನ್ನು ಬಿಡಬಾರದು. ಕೆಪಾಸಿಟರ್ ಕರೆಂಟನ್ನು ಒಂದೇ ಸಮ ಎಳೆಯುವುದಿಲ್ಲ, ಅಲೆಯ ನೆತ್ತಿಯಲ್ಲಿ ಗಬಕ್ಕನೆ ಎಳೆಯುತ್ತದೆ. ಆ ಕ್ಷಣದ ಕರೆಂಟು ಸರಾಸರಿಗಿಂತ ಹಲವು ಪಟ್ಟು. ನಿಜ. ಆದರೆ ಹಲವು ಪಟ್ಟು 0.02 ಎಂದರೂ ಒಂದು ವೋಲ್ಟಿನ ಚೂರು ಅಷ್ಟೇ. ರೆಕಾರ್ಡ್ ಪ್ಲೇಯರಿನ ಸೂಜಿಯಿಂದ ಬರುವ ಸಂಕೇತ ಬರೀ ಐದು ಮಿಲಿವೋಲ್ಟು, ಅದರ ಎಳೆವೈರಿಗೆ ಪವರ್ ಕಾರ್ಡು ಒತ್ತಿಕೊಂಡು ಮಲಗಿದ್ದರೆ ಗುಂಯ್ ದಾಟಿಕೊಳ್ಳುತ್ತದೆ, ಕವಚವಿರುವ ಕಾರ್ಡು ಅದನ್ನು ತಡೆಯಬಹುದು. ಅದೂ ನಿಜ. ಕಾರ್ಡನ್ನು ಅರ್ಧ ಅಡಿ ಆಚೆಗೆ ಸರಿಸಿದರೂ ತಡೆಯುತ್ತದೆ. ಪಿನ್ನು ಸಡಿಲವಾಗಿ ಸಾಕೆಟ್ಟಿನೊಳಗೆ ಕಿಡಿ ಹಾರುತ್ತಿದ್ದರೆ ಚರಚರ ಬರುತ್ತದೆ. ಅಂಥ ಕಾರ್ಡನ್ನು ಬದಲಿಸಲೇಬೇಕು, ಐಎಸ್‌ಐ ಮುದ್ರೆ ಇರುವ ಇನ್ನೂರು ಮುನ್ನೂರು ರೂಪಾಯಿಯದರಿಂದ. ಭಾವನ ವೆಲ್ವೆಟ್ ಡಬ್ಬಿಯ ಹಾವಿನ ಮೈಮೇಲೆ ನಾನು ಆ ಮುದ್ರೆ ಹುಡುಕಿದೆ. ಸಿಗಲಿಲ್ಲ. ಅಮೆರಿಕದ ಮನೆಗಳ ಕರೆಂಟು 120 ವೋಲ್ಟು. ಅಲ್ಲಿಗೆಂದು ಮಾಡಿದ ಪಿನ್ನನ್ನು ನಮ್ಮ 230ಕ್ಕೆ ಅಡಾಪ್ಟರ್ ಹಾಕಿ ಚುಚ್ಚುವವರಿದ್ದಾರೆ. ಅವರು ಸೌಂಡಿನ ಯೋಚನೆ ಬಿಟ್ಟು ಬೆಂಕಿಯ ಯೋಚನೆ ಮಾಡಬೇಕು.

ಈ ಹುಚ್ಚು ನಮ್ಮದು ಮಾತ್ರ ಅಂದುಕೊಳ್ಳಬೇಡಿ. ಜಪಾನಿನಲ್ಲಿ ಕೆಲವು ಆಡಿಯೋ ಪ್ರಿಯರು ಮನೆಯ ಅಂಗಳದಲ್ಲಿ ತಮ್ಮದೇ ಕರೆಂಟು ಕಂಬ ನೆಡಿಸಿಕೊಂಡಿದ್ದಾರೆ, ಅದರ ಮೇಲೆ ಸ್ವಂತಕ್ಕೊಂದು ಟ್ರಾನ್ಸ್‌ಫಾರ್ಮರು. ಪಕ್ಕದ ಮನೆಯವರ ವಾಷಿಂಗ್ ಮಷೀನಿನ ಗಲೀಜು ತಮ್ಮ ಹಾಡಿಗೆ ಮೆತ್ತಬಾರದು ಎಂದು. ಭಾವನಿಗೆ ಇದನ್ನು ಹೇಳಿದ್ದು ತಪ್ಪಾಯಿತು. ಕಂಬಕ್ಕೆ ಇ.ಬಿ.ಯಲ್ಲಿ, ಅಂದರೆ ವಿದ್ಯುತ್ ಮಂಡಳಿಯಲ್ಲಿ, ಅರ್ಜಿ ಯಾವುದು ಎಂದು ಕೇಳಿದರು.

2004ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಪರೀಕ್ಷೆ ನಡೆಯಿತು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಆಡಿಯೋ ಪ್ರಿಯರ ಕೂಟದವರೇ ಕೂತು ಕೇಳಿದ್ದು. ಒಂದು ಕಡೆ ಎರಡೂವರೆ ಸಾವಿರ ಡಾಲರಿನ ನಾರ್ಡಾಸ್ಟ್ ಕಂಪನಿಯ ವಲ್ಹಲ್ಲಾ ಕಾರ್ಡು, ಇನ್ನೊಂದು ಕಡೆ ಮಾಮೂಲಿ ಕಾರ್ಡು. ಯಾವುದು ಚುಚ್ಚಿದೆ ಎಂದು ಕೇಳುವವರಿಗೆ ಕಾಣದು. 149 ಉತ್ತರಗಳಲ್ಲಿ ಸರಿಯಾದದ್ದು 73. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಇದನ್ನು ನಡೆಸಿದವರು ಕಾರ್ಡುಗಳನ್ನು ಗೇಲಿ ಮಾಡುವ ಎಂಜಿನಿಯರುಗಳಲ್ಲ ಎಂಬುದನ್ನು ಗಮನಿಸಬೇಕು. ವ್ಯತ್ಯಾಸವಿದೆ ಎಂದು ನಂಬಿದವರೂ ಅವರಲ್ಲಿ ಇದ್ದರು. ಒಂದು ಆಕ್ಷೇಪ ಮಾತ್ರ ನ್ಯಾಯವಾದದ್ದು: ಕಾರ್ಡು ಬದಲಿಸಬೇಕಾದರೆ ಎಲ್ಲವನ್ನೂ ಆಫ್ ಮಾಡಿ ಆನ್ ಮಾಡಬೇಕು, ಅಷ್ಟರಲ್ಲಿ ಕಿವಿಗೆ ಹಿಂದಿನದು ಮರೆತಿರುತ್ತದೆ. ಇರಬಹುದು. ಆದರೆ ಒಂದು ಕಾರ್ಡು ಬಿಚ್ಚಿ ಇನ್ನೊಂದು ಸಿಕ್ಕಿಸುವಷ್ಟರಲ್ಲಿ ಮರೆತುಹೋಗುವ ವ್ಯತ್ಯಾಸವನ್ನು ಭಾವ ಒಂದು ರಾತ್ರಿ, ಒಂದು ಕೊಯಮತ್ತೂರು ಪ್ರಯಾಣ ದಾಟಿಸಿ ನೆನಪಿಟ್ಟುಕೊಂಡಿದ್ದರಲ್ಲ!

ಕನ್ನಡ ನಾಡಿನಲ್ಲಿ ಮೊದಲು ರೇಡಿಯೋ ಪ್ರಸಾರ ಶುರು ಮಾಡಿದವರು ಯಾರು ಎಂದು ಯೋಚಿಸಿದರೆ ತಮಾಷೆಯೆನಿಸುತ್ತದೆ. ಅವರು ಎಂಜಿನಿಯರಲ್ಲ, ಮನಶ್ಶಾಸ್ತ್ರದ ಮೇಷ್ಟ್ರು. ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಮನಶ್ಶಾಸ್ತ್ರ ಓದಿಬಂದು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಆ ವಿಷಯಕ್ಕೆ ಪ್ರಯೋಗಶಾಲೆ ಕಟ್ಟಿದವರು. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠಲ ವಿಹಾರ’ದಿಂದಲೇ ಪ್ರಸಾರ ಶುರು ಮಾಡಿದರು. ಟ್ರಾನ್ಸ್‌ಮಿಟರಿನ ಶಕ್ತಿ 30 ವ್ಯಾಟ್, ಹಳೆಯ ಕಾಲದ ಮನೆಯ ಟ್ಯೂಬ್‌ಲೈಟಿಗಿಂತ ಕಡಿಮೆ. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆಲ್ಲ ಹೋಗುವ ಮುಂಚೆ ಇದ್ದದ್ದು ಅಲ್ಲಿ. ಮನುಷ್ಯನ ಕಿವಿ ಕೇಳುವುದೆಷ್ಟು, ಮನಸ್ಸು ಸೇರಿಸುವುದೆಷ್ಟು ಎಂದು ಅಳೆಯುವ ಶಾಸ್ತ್ರದವರೇ ನಮಗೆ ರೇಡಿಯೋ ಕೊಟ್ಟಿದ್ದಾರೆ. ಹಾಗಿದ್ದ ಮೇಲೆ ಪರೀಕ್ಷೆ ಮಾಡದೆ ಮಾತಾಡುವುದು ಮರ್ಯಾದೆಯಲ್ಲ ಎಂದು ಭಾವನನ್ನು ಒಪ್ಪಿಸಿದೆ.

ಅಕ್ಕನ ಹಳೆಯ ಸೀರೆಯೊಂದನ್ನು ಆಂಪ್ಲಿಫೈಯರಿನ ಮುಂದೆ ಅಡ್ಡ ಕಟ್ಟಿದೆವು. ಹಿಂದೆ ಕೂತವಳು ಅಕ್ಕನ ಮಗಳು, ಪಿಯುಸಿ ಓದುವ ಕೂಸು. ಅವಳ ಕೈಲಿ ಎರಡು ಕಾರ್ಡು, ಒಂದು ನಾಣ್ಯ, ಒಂದು ನೋಟ್‌ಬುಕ್ಕು. ಪ್ರತಿ ಸಲ ನಾಣ್ಯ ಚಿಮ್ಮಬೇಕು, ತಲೆ ಬಿದ್ದರೆ ದಪ್ಪ ಕಾರ್ಡು, ಹೂ ಬಿದ್ದರೆ ತೆಳು. ಬದಲಿಸದಿದ್ದರೂ ಕಿತ್ತು ಚುಚ್ಚಿದ ಸದ್ದು ಮಾಡಲೇಬೇಕು. ವಾಲ್ಯೂಮಿನ ಗುಂಡಿ ಮುಟ್ಟಕೂಡದು ಎಂದು ಅದರ ಮೇಲೆ ಟೇಪು ಅಂಟಿಸಿದೆ. ಒಂದು ಗೆರೆ ಏರಿದರೂ ಕಿವಿ ಅದನ್ನು “ಜೋರು” ಎನ್ನುವುದಿಲ್ಲ, “ಚೆಂದ” ಎನ್ನುತ್ತದೆ. ಅಂಗಡಿಗಳಲ್ಲಿ ಬಹಳ ಸಾಮಾನು ಮಾರಾಟವಾಗುವುದು ಆ ಒಂದು ಗೆರೆಯಲ್ಲೇ. ಫ್ರಿಜ್ಜಿನ ಮೇಲಿನ ಅಂಕೆ 230ರ ಆಸುಪಾಸಿಗೆ ಬರುವವರೆಗೆ, ಒಂಬತ್ತೂವರೆ ದಾಟುವವರೆಗೆ, ಕಾದೆವು.

ರೆಕಾರ್ಡು ಭಾವನ ಆಯ್ಕೆ, ರಾಜಕುಮಾರ್ ಹಾಡಿದ್ದು. ಬೇರೆ ಯಾರದೂ ಆಗಲು ಸಾಧ್ಯವಿರಲಿಲ್ಲ. ರಾಜಣ್ಣನ ಗಾಜನೂರು ಇದೇ ತಾಳವಾಡಿ ಸೀಮೆ. 2000ನೇ ಇಸವಿಯ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ದೊಡ್ಡಗಾಜನೂರಿನ ಮನೆಯಿಂದ ಎತ್ತಿಕೊಂಡು ಹೋದ ಮೇಲೆ 108 ದಿನ ಭಾವ ಈ ಆಂಪ್ಲಿಫೈಯರಿಗಿಂತ ಹಿಂದಿನದರಲ್ಲಿ ಸುದ್ದಿ ಬಿಟ್ಟು ಬೇರೇನೂ ಹಾಕಲಿಲ್ಲವಂತೆ. 1974ರ ‘ಸಂಪತ್ತಿಗೆ ಸವಾಲ್’ನಿಂದ 1992ರ ‘ಜೀವನ ಚೈತ್ರ’ದವರೆಗೆ ಅವರ ದನಿ ಹೇಗೆ ಬದಲಾಯಿತು, ಮಂದ್ರದಲ್ಲಿ ಎಲ್ಲಿ ಮರಳು ಸೇರಿಕೊಂಡಿತು ಎಂದು ಭಾವ ಬೆರಳಿಟ್ಟು ತೋರಿಸಬಲ್ಲರು. ಕಿವಿ ಕೆಟ್ಟದ್ದಲ್ಲ ಅವರದು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹತ್ತು ಸಲ. ಪ್ರತಿ ಸಲವೂ ಅದೇ ಚರಣ. ಮೊದಲ ಎರಡು ಸಲ ಭಾವ ಸೂಜಿ ಇಳಿದ ಕೂಡಲೇ ಕೈ ಎತ್ತಿದರು. ಮೂರನೆಯದಕ್ಕೆ ತುಸು ಯೋಚಿಸಿದರು. ಐದನೆಯದಕ್ಕೆ ಕಣ್ಣು ಮುಚ್ಚಿದರು. ಏಳನೆಯ ಹೊತ್ತಿಗೆ ಹಣೆಯ ಮೇಲೆ ಬೆವರು. ಗೊತ್ತಾಗುತ್ತಿಲ್ಲ ಎಂಬುದು ಅವರಿಗೆ ಆಗಲೇ ಗೊತ್ತಾಗಿತ್ತು ಅನ್ನಿಸುತ್ತದೆ. ನನಗೆ ಮೊದಲಿಂದಲೂ ಗೊತ್ತಾಗುತ್ತಿರಲಿಲ್ಲ. ಆದರೂ ನಡುವೆ ಒಂದು ಸಲ, ಆರನೆಯದೋ ಏನೋ, ದನಿ ನಿಜವಾಗಿಯೂ ಎರಡು ಹೆಜ್ಜೆ ಮುಂದೆ ಬಂದಂತೆ ಕೇಳಿಸಿ ಮೈ ಜುಮ್ಮೆಂದಿತು, ದಪ್ಪ ಕಾರ್ಡೇ ಇರಬೇಕೆಂದು ಬರೆದೆ. ಕೂಸಿನ ನೋಟ್‌ಬುಕ್ಕಿನಲ್ಲಿ ಅದರ ಎದುರಿಗೆ ‘ತೆಳು’ ಎಂದಿತ್ತು.

ನನಗೆ ಹತ್ತಕ್ಕೆ ನಾಲ್ಕು. ಭಾವನಿಗೆ ಆರು.

“ಆರು ಅಂದ್ರೆ ಅರವತ್ತು ಪರ್ಸೆಂಟು. ಫಸ್ಟ್ ಕ್ಲಾಸು” ಎಂದರು ಭಾವ. ಮೂವತ್ತಮೂರು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದವರು.

“ಭಾವ, ಸರಿಯೋ ತಪ್ಪೋ ಗುರುತಿಸಿ ಅಂತ ನೀವು ಹತ್ತು ಪ್ರಶ್ನೆ ಕೊಡ್ತಿದ್ರಲ್ಲ, ಏನೂ ಓದದೆ ಬಂದ ಹುಡುಗ ಕಣ್ಣುಮುಚ್ಚಿ ಗೀಚಿದ್ರೆ ಎಷ್ಟು ಬರ‍್ತಿತ್ತು?”

“ಐದು ಬತ್ತಿತ್ತು. ಒಂದೊಂದ್ಸಲ ಆರೇಳು.”

ಲೆಕ್ಕವೂ ಅದನ್ನೇ ಹೇಳುತ್ತದೆ. ಬರೀ ಗೀಚಿದವರಲ್ಲಿ ನೂರಕ್ಕೆ ಮೂವತ್ತೇಳೆಂಟು ಜನಕ್ಕೆ ಆರು ಅಥವಾ ಹೆಚ್ಚು ಸಿಗುತ್ತದೆ. ಎಂಟು ಅಥವಾ ಹೆಚ್ಚು ಬರುವುದು ಹದಿನೆಂಟರಲ್ಲಿ ಒಬ್ಬರಿಗೆ. ಒಂಬತ್ತು ತೆಗೆದಿದ್ದರೆ ನಾನು ಈ ಲೇಖನ ಬೇರೆ ಥರ ಬರೆಯಬೇಕಾಗುತ್ತಿತ್ತು. ಅಷ್ಟರಲ್ಲಿ ಒಳಗಿಂದ ಅಕ್ಕ, “ನನ್ ಸೀರೆ ಬಿಚ್ಚಿ ಮಡಿಚ್ಬುಟ್ಟು ಆಮೇಲೆ ಜಗಳ ಆಡಿ” ಎಂದಳು. ಸ್ಪೀಕರಿನಿಂದ ಟಕ್ ಎಂದಿತು.

ಅದು ಹಲ್ಲಿಯಲ್ಲ ಎಂದು ಕಂಡುಹಿಡಿದದ್ದು ನಾನಲ್ಲ. ಮರುದಿನ ಬೆಳಗ್ಗೆ ಹೊಲ ಕಾಯುವ ಸೋಲಿಗರ ಅಜ್ಜ ಜಗಲಿಯಲ್ಲಿ ಟೀ ಕುಡಿಯುತ್ತ ಕೂತಿದ್ದರು. ನಾವು ಆಡುತ್ತಿದ್ದ ಮಾತು ಕೇಳಿ ನಕ್ಕರು. “ಅದು ಬೇಲಿ ಬಡಿಯದು ಕನಾ ಸಾ. ನನ್ ರೇಡಿಯಾದಲ್ಲೂ ಬತ್ತದೆ.”

ಆನೆ, ಹಂದಿ ಬಾರದಂತೆ ಜೋಳದ ಹೊಲದ ಸುತ್ತ ಹಾಕುವ ಸೋಲಾರ್ ಬೇಲಿ. ಬ್ಯಾಟರಿಯ ಮೇಲೆ ಕೂತ ಒಂದು ಪೆಟ್ಟಿಗೆ ಸೆಕೆಂಡಿಗೊಂದು ಸಲದಂತೆ ತಂತಿಗೆ ಕೆಲವು ಸಾವಿರ ವೋಲ್ಟಿನ ಚಿಟಿಕೆ ಕೊಡುತ್ತದೆ. ಚಿಟಿಕೆ ಎಷ್ಟು ಚಿಕ್ಕದೆಂದರೆ ಮುಟ್ಟಿದವರು ಬೆಚ್ಚಿ ಬೀಳುತ್ತಾರೆ, ಸಾಯುವುದಿಲ್ಲ. ಆನೆಯೂ ಹಾಗೇ. ಇ.ಬಿ. ಲೈನಿನಿಂದ ನೇರ ಕೊಕ್ಕೆ ಹಾಕಿ ಬೇಲಿಗೆ ಕರೆಂಟು ಬಿಡುವುದು ಬೇರೆ ಮಾತು. ಅದು ಆನೆಯನ್ನೂ ಕೊಲ್ಲುತ್ತದೆ, ಹಸು ಹುಡುಕಿ ಹೋದ ಮನುಷ್ಯನನ್ನೂ ಕೊಲ್ಲುತ್ತದೆ, ಜೈಲಿಗೂ ಹಾಕಿಸುತ್ತದೆ. ಸೋಲಾರ್ ಬೇಲಿಯ ತಂತಿಗೆ ಎಲ್ಲಾದರೂ ಹಸಿ ಸೊಪ್ಪು ತಾಗಿದರೆ ಪ್ರತಿ ಚಿಟಿಕೆಗೂ ಅಲ್ಲೊಂದು ಕಿಡಿ. ಕಿಡಿ ಎಂದರೆ ಪುಟ್ಟ ರೇಡಿಯೋ ಸ್ಟೇಷನ್ನು, ಸುತ್ತಲಿನ ತಂತಿಗಳಿಗೆಲ್ಲ ತನ್ನದೊಂದೇ ಅಕ್ಷರ ಪ್ರಸಾರ ಮಾಡುತ್ತಿರುತ್ತದೆ.

ಸಂಜೆ ಐದೂವರೆಗೆ, ಇನ್ನೂ ಬೆಳಕಿರುವಾಗಲೇ, ಅಜ್ಜನ ಟ್ರಾನ್ಸಿಸ್ಟರನ್ನು ಮೀಡಿಯಂ ವೇವಿನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಕಡೆ ನಿಲ್ಲಿಸಿಕೊಂಡು ಬೇಲಿಗುಂಟ ನಡೆದೆವು. ಮನೆಯ ಹಿಂದೆ ಟಕ್ ಸಣ್ಣದು. ಮಾವಿನ ಮರ ದಾಟಿದಂತೆ ದೊಡ್ಡದು. ಹೊಲದ ಮೂಲೆಯಲ್ಲಿ ರೇಡಿಯೋ ಕೈಯಲ್ಲೇ ಹೊಡೆದುಕೊಳ್ಳತೊಡಗಿತು. ಅಲ್ಲಿ ಲಂಟಾನದ ಒಂದು ಪೊದೆ ಮಳೆಗೆ ಮೈತುಂಬಿ ತಂತಿಯ ಮೇಲೆ ಒರಗಿತ್ತು. ಬಗ್ಗಿ ನೋಡಿದರೆ ಎಲೆಯ ತುದಿಗೂ ತಂತಿಗೂ ನಡುವೆ ಸಾಸಿವೆಯಷ್ಟು ನೀಲಿ ಬೆಳಕು. ಹತ್ತಿ ಆರುತ್ತಿತ್ತು, ಹತ್ತಿ ಆರುತ್ತಿತ್ತು. ಕಿಡಿ ತಾಗಿದ ಎಲೆಯ ಅಂಚು ಕಂದಿ ಸುರುಟಿಕೊಂಡಿತ್ತು. ಭಾವ ಬಹಳ ಹೊತ್ತು ಅದನ್ನೇ ನೋಡುತ್ತ ಕೂತರು. ಅಜ್ಜ ಪೆಟ್ಟಿಗೆಯ ಸ್ವಿಚ್ಚು ಆರಿಸಿ ಬಂದು, ಮಚ್ಚಿನಲ್ಲಿ ಎರಡೇಟು ಹಾಕಿ, ಕೊಂಬೆ ಎಳೆದು ಎಸೆದರು.

ಟಕ್ ಮುಕ್ಕಾಲು ಹೋಯಿತು. ಇನ್ನು ಕಾಲು ಪಾಲು ಸಿಕ್ಕಿದ್ದು ಮನೆಯ ಗೋಡೆಯ ಬುಡದಲ್ಲಿ. ಬೇಲಿಯ ಪೆಟ್ಟಿಗೆಗೂ ಒಂದು ಅರ್ತ್ ಬೇಕು, ನೆಲಕ್ಕೆ ಹೊಡೆದ ಕಬ್ಬಿಣದ ಗೂಟ. ಮನೆಯ ಕರೆಂಟಿಗೂ ಒಂದು ಅರ್ತ್ ಇದೆ. ಇವೆರಡರ ನಡುವೆ ಕಡಿಮೆಯೆಂದರೆ ಹತ್ತು ಮೀಟರ್ ಅಂತರವಿರಬೇಕು. ಇಲ್ಲಿ ಬೇಲಿ ಹಾಕಿದವರು ಗುಂಡಿ ತೋಡುವ ಕೆಲಸ ಉಳಿಯಿತೆಂದು ಮನೆಯ ಅರ್ತ್ ಗುಂಡಿಯಲ್ಲೇ ಗೂಟ ಹೊಡೆದು ಹೋಗಿದ್ದರು. ಅಂದರೆ ಬೇಲಿಯ ಪ್ರತಿ ಚಿಟಿಕೆಯೂ ಮನೆಯ ಅರ್ತ್ ವೈರು ಹಿಡಿದು, ಸಾಕೆಟ್ಟಿನ ಮೇಲಿನ ದಪ್ಪ ಪಿನ್ನಿಗೆ ಬಂದು, ಕಾರ್ಡಿನ ಮೂರನೇ ತಂತಿಯಲ್ಲಿ ಆಂಪ್ಲಿಫೈಯರಿನ ಮೈಗೆ ಹತ್ತುತ್ತಿತ್ತು. ತಾಮ್ರ ದಪ್ಪವಾದಷ್ಟೂ ಚೆನ್ನಾಗಿಯೇ ಹತ್ತುತ್ತದೆ. 38,000 ರೂಪಾಯಿ ಕೊಟ್ಟು ಭಾವ ಟಕ್ಕಿಗೆ ರಾಜಮಾರ್ಗ ಮಾಡಿಕೊಟ್ಟಿದ್ದರು. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಮೇಷ್ಟ್ರು, ಅರ್ಥ ಮಾಡಿಕೊಂಡರು.

ಕೆಲವರು ಇಂಥ ಹೊತ್ತಿನಲ್ಲಿ ಕಾರ್ಡಿನ ಅರ್ತ್ ಪಿನ್ನನ್ನೇ ಕಿತ್ತು ಹಾಕುತ್ತಾರೆ. ಗುಂಯ್ ನಿಲ್ಲುತ್ತದೆ, ನಿಜ. ಆದರೆ ಒಳಗೆ ಎಂದಾದರೂ ಫೇಸ್ ತಂತಿ ಕಳಚಿ ಪೆಟ್ಟಿಗೆಗೆ ತಾಗಿದರೆ ವಾಲ್ಯೂಮ್ ತಿರುಗಿಸಲು ಬಂದವರ ಉಸಿರೂ ನಿಲ್ಲಬಹುದು. ಅದೊಂದನ್ನು ಮಾಡಬೇಡಿ.

ನಾವು ಮಾಡಿದ್ದು ಇಷ್ಟು. ಬೇಲಿಯ ಗೂಟ ಕಿತ್ತು ಹೊಲದ ಆ ಬದಿಗೆ ಹೊಡೆದೆವು. ಮನೆಯ ಅರ್ತ್ ಗುಂಡಿಯ ಮುಚ್ಚಳ ತೆಗೆದರೆ ಒಳಗಿನ ಪೈಪಿಗೆ ಬಿಗಿದ ನಟ್ಟು ತುಕ್ಕು ಹಿಡಿದು ಪುಡಿಯಾಗುತ್ತಿತ್ತು, ಇದ್ದಿಲು ಒಣಗಿ ಬಿರುಕು ಬಿಟ್ಟಿತ್ತು. ಹೊಸ ನಟ್ಟು, ಹೊಸ ಕ್ಲಾಂಪು, ಇದ್ದಿಲು, ಎರಡು ಸೇರು ಕಲ್ಲುಪ್ಪು, ಮೇಲೆ ನಾಲ್ಕು ಬಿಂದಿಗೆ ನೀರು. ಸಾಮಾನಿನ ಖರ್ಚು ನಾನ್ನೂರು ರೂಪಾಯಿಯ ಒಳಗೆ. ಕರೆಂಟಿನ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿದೆವು, ಅವನ ಕೂಲಿ ಬೇರೆ. ಹೋಗುವಾಗ ಅವನು ಟೆಸ್ಟರ್ ಹಿಡಿದು ಹಾಲಿನ ಸಾಕೆಟ್ಟು ನೋಡಿದ. ಎದುರಿಗೆ ನಿಂತು ನೋಡಿದರೆ ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್ ಇರಬೇಕು. ತಿರುಗುಮುರುಗಾಗಿತ್ತು. ಸರಿಮಾಡಿದ.

ಆ ರಾತ್ರಿ ಊಟ ಆದ ಮೇಲೆ ಕೂತೆವು. ಎರಡು ಹಾಡುಗಳ ಸಂದಿನಲ್ಲಿ ರೆಕಾರ್ಡಿನ ಸರಸರ ಬಿಟ್ಟು ಏನೂ ಇಲ್ಲ. ಹೊರಗೆ ಜೀರುಂಡೆ. ದೂರದಲ್ಲಿ ಎಲ್ಲೋ ಬಿದಿರು ಮುರಿದ ಸದ್ದು, ಆಮೇಲೆ ಅಜ್ಜ ತಗಡು ಬಡಿದದ್ದು. ಅಕ್ಕ ಬಾಗಿಲಿಗೆ ಒರಗಿ ನಿಂತು ಒಂದು ಹಾಡು ಪೂರ್ತಿ ಕೇಳಿದಳು, “ಹಲ್ಲಿ ಹೋಯ್ತಲ್ಲ” ಎಂದಳು. ಆಗ ಚುಚ್ಚಿದ್ದು ದಪ್ಪ ಕಾರ್ಡು. ಕಿತ್ತಿಡಿ ಎಂದು ನಾನು ಹೇಳಲಿಲ್ಲ. ದುಡ್ಡು ಕೊಟ್ಟಾಗಿದೆ, ನೋಡಲು ಚೆಂದವಿದೆ, ಅದನ್ನು ಚುಚ್ಚಿ ಕೂತಾಗ ಭಾವ ಎಚ್ಚರಿಕೆಯಿಂದ ಹಾಡು ಕೇಳುತ್ತಾರೆ. ನಮ್ಮಲ್ಲಿ ಬಹಳ ಜನ ಹಾಡು ಕೇಳುವುದೇ ಬಿಟ್ಟಿದ್ದೇವೆ, ಹಾಕಿರುತ್ತೇವೆ ಅಷ್ಟೇ.

ಹೋದ ವಾರ ಭಾವನ ಫೋನು ಬಂತು. ಹಾಸನೂರಿನಲ್ಲಿ ಮೂರು ದಿನದಿಂದ ಮಳೆಯಂತೆ. “ನೆನ್ನೆ ರಾತ್ರಿ ಕೇಳ್ಬೇಕಾಗಿತ್ತು ಕನಪ್ಪ ನೀನು, ಏನ್ ಸೌಂಡು ಅಂತೀಯ! ರಾಜಣ್ಣ ಇಲ್ಲೇ, ನಡುಮನೇಲೇ ಕೂತಂಗಿತ್ತು.”

“ಯಾವ ಕಾರ್ಡು ಹಾಕಿದ್ರಿ ಭಾವ?”

ಎದ್ದು ಹೋಗಿ ನೋಡಿಬರುವವರೆಗೆ ಫೋನಿನಲ್ಲಿ ಮಳೆಯ ಸದ್ದು ಕೇಳುತ್ತಿತ್ತು.